ಪಿಕಪ್ ವಾಹನದ ಬಾಡಿಗೆ ಪ್ಲಗ್ ಪಾಯಿಂಟ್: ಲೆಕ್ಕ ಮೊದಲು, ತಂತಿ ಆಮೇಲೆ

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಸಣ್ಣ ಸರಕು ವಾಹನಗಳಿಲ್ಲದೆ ವಹಿವಾಟು ಸಾಗದು. ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು, ಬೇಸಿಗೆಯಲ್ಲಿ ಮಂಡಿಗೆ ಮಾವು, ಬೆಂಗಳೂರಿಗೆ ತರಕಾರಿ, ಹೆದ್ದಾರಿಯ ಅಂಗಡಿಗಳಿಗೆ ಚನ್ನಪಟ್ಟಣದ ಗೊಂಬೆ ಇವೆಲ್ಲವೂ ಹೋಗುವುದು ಪಿಕಪ್ ಮತ್ತು ಟಾಟಾ ಏಸ್‌ನಂತಹ ಗಾಡಿಗಳ ಬೆನ್ನ ಮೇಲೆ. ರಾತ್ರಿ ಹೊತ್ತು ಸರಕು ತುಂಬಲು ದೀಪ, ತೂಕದ ಯಂತ್ರಕ್ಕೆ ಚಾರ್ಜು, ಬೀದಿ ಮಾರಾಟಕ್ಕೆ ಧ್ವನಿವರ್ಧಕ, ಬಡಗಿಗೆ ಡ್ರಿಲ್ಲಿಂಗ್ ಯಂತ್ರ ಹೀಗೆ ಚಾಲಕರು ‘ಬಾಡಿ’ ಎಂದು ಕರೆಯುವ ಹಿಂಬದಿಯ ತೊಟ್ಟಿಯಲ್ಲೇ ವಿದ್ಯುತ್ ಬೇಕೆಂಬ ಅಗತ್ಯ ಹಲವರಿಗೆ ಇದೆ.

ಕೆಲಸ ಕಠಿಣವಲ್ಲ. ಆದರೆ ಸಾಕೆಟ್ ಮತ್ತು ಇನ್ವರ್ಟರ್‌ಗೆ ಹಣ ಸುರಿದು, ನಡುವಿನ ತಂತಿ ಮತ್ತು ಫ್ಯೂಸಿನಲ್ಲಿ ಉಳಿತಾಯ ಮಾಡಿದರೆ ಬ್ಯಾಟರಿ ಸತ್ತು ಗಾಡಿ ದಾರಿಯಲ್ಲಿ ನಿಲ್ಲುವುದರಿಂದ ಹಿಡಿದು ಸರಕಿಗೆ ಬೆಂಕಿ ತಗಲುವವರೆಗೆ ಯಾವುದೂ ಆಗಬಹುದು.

ಬೇಕಿರುವುದು ಎಷ್ಟು ವಿದ್ಯುತ್?

ಮೊದಲು ಮಾಡಬೇಕಾದುದು ಹೊರೆಯ ಲೆಕ್ಕ. ಎಲ್‌ಇಡಿ ಬಲ್ಬಿಗೆ ಸುಮಾರು 10 ವ್ಯಾಟ್, ಮೊಬೈಲ್ ಚಾರ್ಜರಿಗೆ 15ರಿಂದ 20 ವ್ಯಾಟ್, ಲ್ಯಾಪ್‌ಟಾಪಿಗೆ 65 ವ್ಯಾಟ್, ಸಣ್ಣ ಆಂಪ್ಲಿಫೈಯರಿಗೆ 50ರಿಂದ 100 ವ್ಯಾಟ್ ಸಾಕು. ಕೈಯಲ್ಲಿ ಹಿಡಿಯುವ ಡ್ರಿಲ್ಲಿಂಗ್ ಯಂತ್ರ 500 ವ್ಯಾಟ್ ದಾಟುತ್ತದೆ. ಗ್ರೈಂಡರ್ 700ರಿಂದ 850 ವ್ಯಾಟ್ ಬೇಡುತ್ತದೆ.

ಮೋಟಾರ್ ಇರುವ ಉಪಕರಣ ಶುರುವಾಗುವ ಕ್ಷಣದಲ್ಲಿ ತನ್ನ ನಿತ್ಯದ ಬಳಕೆಯ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಆದ್ದರಿಂದ ಗೊಂಬೆ ತಯಾರಿಕೆಯ ಒಂದು ಅಶ್ವಶಕ್ತಿಯ ಲೇತ್ ಯಂತ್ರವನ್ನು ಪಿಕಪ್‌ನ ಬ್ಯಾಟರಿಯಿಂದ ಓಡಿಸುವ ಆಲೋಚನೆಯನ್ನು ಆರಂಭದಲ್ಲೇ ಕೈಬಿಡುವುದು ಲೇಸು. ಅಂತಹ ಕೆಲಸಕ್ಕೆ ಜನರೇಟರ್ ಸೂಕ್ತ.

ವ್ಯಾಟ್ ಸಂಖ್ಯೆಯನ್ನು 12ರಿಂದ ಭಾಗಿಸಿದರೆ ಬ್ಯಾಟರಿಯಿಂದ ಹರಿಯುವ ಆಂಪಿಯರ್ ಸಿಗುತ್ತದೆ. 300 ವ್ಯಾಟ್‌ಗೆ 25 ಆಂಪಿಯರ್. ಇನ್ವರ್ಟರಿನಲ್ಲಿ ಆಗುವ ನಷ್ಟ ಸೇರಿದರೆ ಸುಮಾರು 30 ಆಂಪಿಯರ್. ಗಾಡಿಯ ಬ್ಯಾಟರಿ 60 ಆಂಪಿಯರ್-ಗಂಟೆಯದಾದರೆ, ಎಂಜಿನ್ ನಿಲ್ಲಿಸಿ ಈ ಹೊರೆ ಹಾಕಿದಾಗ ಒಂದು ಗಂಟೆಯೊಳಗೆ ಅರ್ಧದಷ್ಟು ಚಾರ್ಜು ಖಾಲಿ. ಎಂಜಿನ್ ಚಾಲೂ ಮಾಡುವುದಕ್ಕಾಗಿ ರೂಪಿಸಿದ ಬ್ಯಾಟರಿ ಪದೇ ಪದೇ ಇಷ್ಟು ಆಳಕ್ಕೆ ಇಳಿದರೆ ಬೇಗ ಕೆಡುತ್ತದೆ.

12 ವೋಲ್ಟ್ ಸಾಕಾಗುವ ಕಡೆ

ಬಹಳಷ್ಟು ಅಗತ್ಯಗಳಿಗೆ ಇನ್ವರ್ಟರೇ ಬೇಕಿಲ್ಲ. 12 ವೋಲ್ಟಿನ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ವಾಹನಕ್ಕೆಂದೇ ಮಾಡಿದ ಆಂಪ್ಲಿಫೈಯರ್ ಇವನ್ನು ನೇರವಾಗಿ ಬ್ಯಾಟರಿಯ ವಿದ್ಯುತ್ತಿಗೆ ಜೋಡಿಸಬಹುದು. ಡ್ಯಾಶ್‌ಬೋರ್ಡಿನಲ್ಲಿ ಸಿಗರೇಟ್ ಲೈಟರ್ ಎಂದು ಕರೆಯಲಾಗುವ ಮಾದರಿಯ ಸಾಕೆಟ್ಟನ್ನು ಮುಚ್ಚಳ ಸಹಿತ ಬಾಡಿಯಲ್ಲಿ ಕೂರಿಸಿದರೆ ಆಯಿತು. ಇಂತಹ ಸಾಕೆಟ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್ ತಾಳುತ್ತದೆ. ಇದಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ತಂತಿಯೂ, ಸಾಕೆಟ್ಟಿನ ಸಾಮರ್ಥ್ಯ ಮೀರದ ಫ್ಯೂಸೂ ಬೇಕು. 12 ವೋಲ್ಟಿನಲ್ಲಿ ಶಾಕ್ ಹೊಡೆಯುವ ಭಯವಿಲ್ಲ. ಆದರೆ ಶಾರ್ಟ್ ಸರ್ಕ್ಯೂಟ್ ಆದರೆ ಬೆಂಕಿಯ ಭಯ ಇದ್ದೇ ಇದೆ.

ಇನ್ವರ್ಟರ್ ಬೇಕಾದಾಗ

ಮನೆಯ ಉಪಕರಣಗಳಿಗೆ 230 ವೋಲ್ಟ್ ಬೇಕೆಂದಾದರೆ ಇನ್ವರ್ಟರ್ ಅನಿವಾರ್ಯ. ಅಗ್ಗದ ಮಾದರಿಗಳು ಕೊಡುವ ಮೆಟ್ಟಿಲಾಕಾರದ ವಿದ್ಯುತ್ತಿನಲ್ಲಿ ಚಾರ್ಜರುಗಳು ನಡೆಯುತ್ತವೆ. ಆದರೆ ಮೋಟಾರುಗಳು ಬಿಸಿಯಾಗುತ್ತವೆ, ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ. ಅವುಗಳಿಗೆ ‘ಪ್ಯೂರ್ ಸೈನ್ ವೇವ್’ ಇನ್ವರ್ಟರ್ ಒಳ್ಳೆಯದು.

ಇನ್ವರ್ಟರನ್ನು ಬಾಡಿಯಲ್ಲಿ ಇಡಬಾರದು. ಮಳೆ, ದೂಳು, ಸರಕಿನ ಹೊಡೆತ ಮೂರೂ ಅದಕ್ಕೆ ಶತ್ರುಗಳು. ಕ್ಯಾಬಿನ್ ಒಳಗೆ, ಸೀಟಿನ ಹಿಂದೆ ಗಾಳಿಯಾಡುವ ಜಾಗದಲ್ಲಿ ಅದನ್ನು ಬಿಗಿದು, ಅಲ್ಲಿಂದ 230 ವೋಲ್ಟಿನ ಕೇಬಲ್ಲನ್ನು ಬಾಡಿಗೆ ಒಯ್ಯುವುದು ಸರಿಯಾದ ಕ್ರಮ.

ಅಮೆರಿಕದ ಪಿಕಪ್‌ಗಳಲ್ಲಿ ಈ ಸೌಲಭ್ಯ ಕಾರ್ಖಾನೆಯಿಂದಲೇ ಬರುವುದುಂಟು. ಬಿಡದಿಯಲ್ಲಿ 1999ರಿಂದ ವಾಹನ ತಯಾರಿಸುತ್ತಿರುವ ಟೊಯೊಟಾ ಕಂಪನಿ, ಅಲ್ಲಿನ ಟಕೋಮಾ ಪಿಕಪ್‌ನ ತೊಟ್ಟಿಯಲ್ಲಿ 400 ವ್ಯಾಟ್ ಸಾಕೆಟ್ ನೀಡಿದೆ. 2021ರ ಫೋರ್ಡ್ ಎಫ್-150 ಹೈಬ್ರಿಡ್ 7.2 ಕಿಲೋವ್ಯಾಟ್‌ವರೆಗೆ ಒದಗಿಸಿತು. ಅಲ್ಲಿ ಹೈಬ್ರಿಡ್ ವಾಹನದ ದೊಡ್ಡ ಬ್ಯಾಟರಿ ಮತ್ತು ಮೋಟಾರುಗಳ ಬೆಂಬಲವಿದೆ. ಅದನ್ನು ನೋಡಿ ನಮ್ಮ 12 ವೋಲ್ಟಿನ ಡೀಸೆಲ್ ಗಾಡಿಗೆ ಸಾವಿರಾರು ವ್ಯಾಟ್‌ನ ಇನ್ವರ್ಟರ್ ಹಾಕುವುದು ತಪ್ಪು ಹೋಲಿಕೆ. ಗಾಡಿಯ ಡೈನಮೊ ಹೆಡ್‌ಲೈಟು, ವೈಪರುಗಳನ್ನೂ ಪೋಷಿಸಬೇಕು. 300 ವ್ಯಾಟ್ ಆಸುಪಾಸಿನ ಮಿತಿಯನ್ನು ಇಟ್ಟುಕೊಂಡರೆ ನೆಮ್ಮದಿ.

ತಂತಿಯ ದಪ್ಪವೇ ನಿರ್ಣಾಯಕ

ಬ್ಯಾಟರಿಯಿಂದ ಇನ್ವರ್ಟರ್‌ವರೆಗೆ 5 ಮೀಟರ್ ದೂರವಿದೆ ಎಂದುಕೊಳ್ಳೋಣ. ಹೋಗಿ ಬರುವ ತಂತಿ ಸೇರಿ 10 ಮೀಟರ್. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರ್ ತಂತಿಯಲ್ಲಿ 30 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 2 ವೋಲ್ಟ್ ನಷ್ಟವಾಗುತ್ತದೆ. 12ರಲ್ಲಿ 2 ಹೋದರೆ ಉಳಿಯುವುದು 10. ಅಷ್ಟಕ್ಕೆ ಬಹುತೇಕ ಇನ್ವರ್ಟರುಗಳು ಕೂಗಿಕೊಂಡು ಬಂದ್ ಆಗುತ್ತವೆ. ಕಳೆದುಹೋದ ವಿದ್ಯುತ್ ಎಲ್ಲಿಗೂ ಹೋಗಿರುವುದಿಲ್ಲ. 60 ವ್ಯಾಟ್‌ನಷ್ಟು ಶಾಖವಾಗಿ ತಂತಿಯ ಹೊದಿಕೆಯನ್ನು ಸುಡುತ್ತಿರುತ್ತದೆ.

ಅದೇ 10 ಚದರ ಮಿಲಿಮೀಟರ್ ತಂತಿಯಾದರೆ ನಷ್ಟ ಅರ್ಧ ವೋಲ್ಟ್. 16 ಚದರ ಮಿಲಿಮೀಟರ್ ಆದರೆ ಮೂರನೇ ಒಂದು ವೋಲ್ಟ್. ‘ಇನ್ವರ್ಟರ್ ಸರಿಯಿಲ್ಲ’ ಎಂದು ಅಂಗಡಿಗೆ ಮರಳಿಸುವ ಮುನ್ನ ತಂತಿಯನ್ನು ಪರಿಶೀಲಿಸಬೇಕಾದುದು ಇದೇ ಕಾರಣಕ್ಕೆ. ದಪ್ಪ ತಂತಿ ದುಬಾರಿ ಎನಿಸಿದರೆ ಇನ್ವರ್ಟರನ್ನು ಬ್ಯಾಟರಿಗೆ ಹತ್ತಿರ ಇಟ್ಟು ತಂತಿಯ ಉದ್ದವನ್ನೇ ಕಡಿಮೆ ಮಾಡಬಹುದು.

ಫ್ಯೂಸ್ ಮತ್ತು ರಿಲೇ

ಫ್ಯೂಸ್ ಇರುವುದು ಉಪಕರಣದ ರಕ್ಷಣೆಗೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಅದು ಕಾಯುವುದು ತಂತಿಯನ್ನು. ಆದ್ದರಿಂದ ಅದರ ಜಾಗ ಬ್ಯಾಟರಿಯ ಧನ ತುದಿಯ ಸಮೀಪದಲ್ಲಿ, ಒಂದು ಗೇಣಿನೊಳಗೆ. ಸಾಕೆಟ್ಟಿನ ಬಳಿ ಫ್ಯೂಸ್ ಹಾಕಿದರೆ, ನಡುದಾರಿಯಲ್ಲಿ ತಂತಿ ಸವೆದು ಚಾಸಿಗೆ ತಗುಲಿದಾಗ ತಡೆಯುವವರೇ ಇಲ್ಲ. 30 ಆಂಪಿಯರ್ ಹೊರೆ, 10 ಚದರ ಮಿಲಿಮೀಟರ್ ತಂತಿಗೆ 40 ಆಂಪಿಯರ್ ಫ್ಯೂಸ್ ಹೊಂದುತ್ತದೆ. ಸುಟ್ಟ ಫ್ಯೂಸಿನ ಬದಲಿಗೆ ತಂತಿಯ ತುಂಡು ಸಿಕ್ಕಿಸುವ ಅಭ್ಯಾಸ ಅಪಾಯಕಾರಿ.

ಇಗ್ನಿಷನ್ ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಹರಿಯುವಂತೆ ರಿಲೇ ಅಳವಡಿಸಿದರೆ, ರಾತ್ರಿಯಿಡೀ ದೀಪ ಉರಿದು ಬೆಳಿಗ್ಗೆ ಗಾಡಿ ತಳ್ಳುವ ಪ್ರಸಂಗ ತಪ್ಪುತ್ತದೆ. ಗಾಡಿಯ ಮೂಲ ವೈರಿಂಗನ್ನು ಕತ್ತರಿಸಿ ವಿದ್ಯುತ್ ಕದಿಯದೆ ಬ್ಯಾಟರಿಯಿಂದ ಪ್ರತ್ಯೇಕ ತಂತಿ ಎಳೆಯಬೇಕು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ವಾಹನಗಳಲ್ಲಿ ಇಲೆಕ್ಟ್ರಾನಿಕ್ ಭಾಗಗಳು ಹೆಚ್ಚು. ಬ್ಯಾಟರಿಯ ಋಣ ತುದಿಯಲ್ಲಿ ಸೆನ್ಸರ್ ಇದ್ದರೆ ಹೊಸ ತಂತಿಯನ್ನು ಆ ತುದಿಗಲ್ಲ, ಚಾಸಿಯ ಅರ್ತ್ ಬೋಲ್ಟಿಗೆ ಕೊಡಬೇಕು. ಬ್ಯಾಟರಿಚಾಲಿತ ಸರಕು ವಾಹನಗಳಲ್ಲಿ ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜಿನ ಕೇಬಲ್ಲಿಗೆ ಕೈ ಹಾಕುವುದು ಪ್ರಾಣಾಪಾಯ.

ಬಾಡಿಯೊಳಗಿನ ಸಾಕೆಟ್

ಸಾಕೆಟ್ ತೊಟ್ಟಿಯ ನೆಲದಿಂದ ಸಾಕಷ್ಟು ಮೇಲೆ, ಕ್ಯಾಬಿನ್ ಕಡೆಯ ಮೂಲೆಯಲ್ಲಿರಲಿ. ಮುಚ್ಚಳವಿರುವ, ನೀರು ದೂಳು ನಿರೋಧಕ ಐಪಿ-65 ದರ್ಜೆಯ ಪೆಟ್ಟಿಗೆ ಬೇಕು. ತಗಡಿನ ರಂಧ್ರದಲ್ಲಿ ರಬ್ಬರ್ ಬುಷ್ ಇಲ್ಲದೆ ತಂತಿ ಹಾಯಿಸಿದರೆ, ಕನಕಪುರ, ಮಾಗಡಿಯ ಹಳ್ಳಿ ರಸ್ತೆಗಳ ಕುಲುಕಾಟಕ್ಕೆ ಹೊದಿಕೆ ಕೆಲವೇ ತಿಂಗಳಲ್ಲಿ ಸವೆಯುತ್ತದೆ. ಕೆಳಗಿನ ಕೇಬಲ್ ಸೈಲೆನ್ಸರ್, ಡೀಸೆಲ್ ಪೈಪು, ಬ್ರೇಕ್ ಪೈಪುಗಳಿಂದ ದೂರವಿದ್ದು, ಕೊಳವೆಯೊಳಗೆ ಸಾಗಲಿ.

230 ವೋಲ್ಟಿನ ಸಾಲಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕುವುದು ವಾಡಿಕೆ. ಆದರೆ ಇನ್ವರ್ಟರಿನ ನ್ಯೂಟ್ರಲ್ ಮತ್ತು ಚಾಸಿಯ ನಡುವೆ ಸರಿಯಾದ ಜೋಡಣೆ ಇಲ್ಲದಿದ್ದರೆ ಅದು ಕೆಲಸ ಮಾಡದು. ಎಲ್ಲ ಇನ್ವರ್ಟರುಗಳಲ್ಲಿ ಹೀಗೆ ಜೋಡಿಸಲೂ ಬಾರದು. ತಯಾರಕರ ಕೈಪಿಡಿ ನೋಡಿ, ಬಲ್ಲ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸವಿದು.

ಸರಕಿನ ಸ್ವಭಾವ ಮರೆಯಬಾರದು

ರೇಷ್ಮೆಗೂಡಿನೊಳಗೆ ಜೀವಂತ ಕೋಶವಿರುತ್ತದೆ. ಶಾಖ ಮತ್ತು ತೇವ ಹೆಚ್ಚಿದರೆ ಗೂಡಿನ ಗುಣಮಟ್ಟ ಕುಸಿದು, ಹರಾಜಿನಲ್ಲಿ ಬೆಲೆ ಇಳಿಯುತ್ತದೆ. ಮಾವಿನ ಕ್ರೇಟುಗಳಲ್ಲಿ ಹಾಸುವ ಒಣಹುಲ್ಲು, ಕಾಗದಕ್ಕೆ ಒಂದು ಕಿಡಿ ಸಾಕು. ಚನ್ನಪಟ್ಟಣದ ಗೊಂಬೆಗಳ ಬಣ್ಣಕ್ಕೆ ಆಧಾರವಾದ ಅರಗು ಲೇತಿನ ಘರ್ಷಣೆಯ ಬಿಸಿಗೇ ಮೃದುವಾಗುವಂಥದು. ಬಿಸಿಯಾಗುವ ತಂತಿಯೂ, ಹ್ಯಾಲೊಜೆನ್ ದೀಪವೂ ಇವುಗಳ ಪಕ್ಕ ಇರಬಾರದು. ಸರಕಿನ ಅಡಿಯಲ್ಲಿ ತಂತಿ ಹಾಯಿಸಕೂಡದು.

ಕಾನೂನು ಮತ್ತು ವಿಮೆ

ನೋಂದಣಿ ಪತ್ರದಲ್ಲಿ ದಾಖಲಾದ, ತಯಾರಕರು ನಿಗದಿಪಡಿಸಿದ ವಿವರಗಳು ಬದಲಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಚಾಸಿಗೆ ರಂಧ್ರ ಕೊರೆಯುವುದು, ಬಾಡಿಯ ಆಕಾರ ಬದಲಿಸುವುದು ಬೇಡ. ಸಂದೇಹವಿದ್ದರೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಹೊಸದಾಗಿ ಅಳವಡಿಸಿದ ವಿದ್ಯುತ್ ಪರಿಕರಗಳನ್ನು ವಿಮಾ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಲು ಅವಕಾಶವಿದೆ. ನಮೂದಿಸದಿದ್ದರೆ ಪರಿಹಾರದ ವೇಳೆ ತಕರಾರು ಏಳಬಹುದು. ವಾರಂಟಿ ಅವಧಿಯಲ್ಲಿರುವ ವಾಹನವಾದರೆ ಡೀಲರಿಂದ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ.

ಕೊನೆಯ ಪರೀಕ್ಷೆ

ಕೆಲಸ ಆರಂಭಿಸುವಾಗ ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಿ, ಮುಗಿದ ಮೇಲೆ ಅದನ್ನೇ ಕೊನೆಯಲ್ಲಿ ಜೋಡಿಸಬೇಕು. ನಂತರ ಎಂಜಿನ್ ಚಾಲೂ ಇಟ್ಟು, ಪೂರ್ಣ ಹೊರೆ ಹಾಕಿ, ಅರ್ಧ ಗಂಟೆ ಬಿಡಬೇಕು. ಬ್ಯಾಟರಿಯ ಬಳಿ ಮತ್ತು ಇನ್ವರ್ಟರಿನ ಬಳಿ ಮೀಟರ್ ಹಿಡಿದು ನೋಡಿದಾಗ ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ, ಅಥವಾ ತಂತಿಯ ಜೋಡಣೆಗಳು ಕೈಗೆ ಬಿಸಿ ತಾಕಿದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ಮೊದಲ ವಾರ ಕಳೆದ ಬಳಿಕವೂ, ಆಮೇಲೆ ಪ್ರತಿ ಮಳೆಗಾಲಕ್ಕೆ ಮುನ್ನವೂ ಬೋಲ್ಟುಗಳ ಬಿಗಿತವನ್ನು ಮತ್ತು ಸಾಕೆಟ್ಟಿನ ಮುಚ್ಚಳವನ್ನು ಪರಿಶೀಲಿಸಬೇಕು. ಕ್ಯಾಬಿನ್‌ನಲ್ಲಿ ಒಣ ಪುಡಿಯ ಅಗ್ನಿಶಾಮಕ ಸಿಲಿಂಡರೊಂದು ಕೈಗೆಟುಕುವಂತಿರಲಿ.