ಒಂದೇ ಕಂಪ್ಯೂಟರ್, ಎರಡು ಜಾಲ: ಜೋಡಣೆ ಸುಲಭ, ಎಚ್ಚರಿಕೆ ಅಗತ್ಯ

ಕಚೇರಿಯ ಸರ್ವರ್ ಹಾಗೂ ಪ್ರಿಂಟರ್‌ಗಳು ಒಂದು ಜಾಲದಲ್ಲಿ, ಅಂತರ್ಜಾಲ ಸಂಪರ್ಕ ಮತ್ತೊಂದರಲ್ಲಿ. ಅನೇಕ ಕಚೇರಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಇಂತಹ ವ್ಯವಸ್ಥೆ ಇರುತ್ತದೆ. ಎರಡನ್ನೂ ಒಂದೇ ಮೇಜಿನಿಂದ ಬಳಸಬೇಕಾದಾಗ ಕೇಬಲ್ ಮೂಲಕ ಕಚೇರಿ ಜಾಲಕ್ಕೂ, ವೈ-ಫೈ ಮೂಲಕ ಮೊಬೈಲ್ ಹಾಟ್‌ಸ್ಪಾಟ್‌ಗೂ ಕಂಪ್ಯೂಟರನ್ನು ಜೋಡಿಸುವುದುಂಟು. ತಾಂತ್ರಿಕವಾಗಿ ಇದು ಕಷ್ಟದ ಕೆಲಸವಲ್ಲ. ಆದರೆ ಜಾಲಗಳನ್ನು ಬೇರೆ ಬೇರೆಯಾಗಿ ಇರಿಸಿದ ಉದ್ದೇಶವೇ ಆ ಒಂದು ಕಂಪ್ಯೂಟರಿನಿಂದಾಗಿ ವಿಫಲವಾಗುವ ಸಾಧ್ಯತೆಯಿದೆ.

ಎರಡು ಕೊಂಡಿ, ಎರಡು ವಿಳಾಸ

ಜಾಲಕ್ಕೆ ಸೇರುವ ಪ್ರತಿ ಕೊಂಡಿಗೂ ಪ್ರತ್ಯೇಕ ಐಪಿ ವಿಳಾಸ ಬೇಕು. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈ ಇದ್ದೇ ಇರುತ್ತದೆ. ಕೇಬಲ್ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಸಾಕು. ಮೇಜಿನ ಕಂಪ್ಯೂಟರಿಗೆ ಎರಡನೆಯ ನೆಟ್‌ವರ್ಕ್ ಕಾರ್ಡ್ ಅಳವಡಿಸಬಹುದು. ಆಗ ಒಂದೇ ಯಂತ್ರಕ್ಕೆ ಕಚೇರಿ ಜಾಲದಲ್ಲಿ ಒಂದು, ಅಂತರ್ಜಾಲದ ಕಡೆ ಇನ್ನೊಂದು, ಹೀಗೆ ಎರಡು ವಿಳಾಸಗಳು ದೊರೆಯುತ್ತವೆ.

ಹೆಬ್ಬಾಗಿಲು ಯಾವುದು?

ತೊಡಕು ಆರಂಭವಾಗುವುದು ಇಲ್ಲಿಯೇ. ಯಾವ ಮಾಹಿತಿಯನ್ನು ಯಾವ ಕೊಂಡಿಯ ಮೂಲಕ ಕಳುಹಿಸಬೇಕು ಎಂಬುದನ್ನು ಕಂಪ್ಯೂಟರ್ ತನ್ನೊಳಗಿನ ಮಾರ್ಗಪಟ್ಟಿಯನ್ನು ನೋಡಿ ನಿರ್ಧರಿಸುತ್ತದೆ. ಪಟ್ಟಿಯಲ್ಲಿಲ್ಲದ ವಿಳಾಸಗಳೆಲ್ಲ ‘ಡೀಫಾಲ್ಟ್ ಗೇಟ್‌ವೇ’ ಎಂಬ ಹೆಬ್ಬಾಗಿಲಿನ ಮೂಲಕ ಹೋಗುತ್ತವೆ. ಎರಡೂ ಜಾಲಗಳು ತಮ್ಮದೇ ಹೆಬ್ಬಾಗಿಲನ್ನು ಸೂಚಿಸಿದರೆ, ವಿಂಡೋಸ್ ಸಾಮಾನ್ಯವಾಗಿ ವೇಗದ ಕೊಂಡಿಗೆ ಆದ್ಯತೆ ನೀಡುತ್ತದೆ. ಕಚೇರಿಯ ಕೇಬಲ್ ಸಿಕ್ಕಿಸಿದೊಡನೆ ಅಂತರ್ಜಾಲ ನಿಂತುಹೋಯಿತೆಂಬ ದೂರಿಗೆ ಇದೇ ಮುಖ್ಯ ಕಾರಣ.

ಇದಕ್ಕೆ ಪರಿಹಾರ ಸರಳ. ಕಚೇರಿ ಜಾಲದ ವಿಳಾಸವನ್ನು ಕೈಯಾರೆ ನಮೂದಿಸಿ, ಗೇಟ್‌ವೇ ಸ್ಥಳವನ್ನು ಖಾಲಿ ಬಿಡಬೇಕು. ಅದೇ ಜಾಲದಲ್ಲಿರುವ ಪ್ರಿಂಟರ್, ಸರ್ವರ್‌ಗಳು ಆಗಲೂ ಸಿಗುತ್ತವೆ. ಕಚೇರಿಯ ಬೇರೆ ವಿಭಾಗಗಳ ಜಾಲಕ್ಕೂ ದಾರಿ ಬೇಕಾದರೆ, ‘ರೂಟ್’ ಆದೇಶದಿಂದ ಆ ವಿಳಾಸಗಳಿಗೆ ಮಾತ್ರ ಶಾಶ್ವತ ಮಾರ್ಗವನ್ನು ಸೇರಿಸಬಹುದು. ಈಗಿರುವ ಮಾರ್ಗಪಟ್ಟಿಯನ್ನು ನೋಡಲು ವಿಂಡೋಸ್‌ನಲ್ಲಿ ‘ರೂಟ್ ಪ್ರಿಂಟ್’, ಲಿನಕ್ಸ್‌ನಲ್ಲಿ ‘ಐಪಿ ರೂಟ್’ ಆದೇಶಗಳಿವೆ.

ವಿಳಾಸಗಳ ಗೊಂದಲ

ಖಾಸಗಿ ಜಾಲಗಳಿಗೆಂದು 10, 172.16ರಿಂದ 172.31 ಹಾಗೂ 192.168ರಿಂದ ಆರಂಭವಾಗುವ ವಿಳಾಸಗಳನ್ನು ಮೀಸಲಿಡಲಾಗಿದೆ. ಇವನ್ನು ಯಾರು ಬೇಕಾದರೂ ಬಳಸಬಹುದಾದ್ದರಿಂದ, ಎರಡೂ ಜಾಲಗಳು 192.168.1 ಸರಣಿಯಲ್ಲೇ ಇರುವುದು ಅಪರೂಪವಲ್ಲ. ಆಗ 192.168.1.50 ಎಂಬ ಪ್ರಿಂಟರ್ ಯಾವ ಕಡೆ ಇದೆಯೆಂಬುದು ಕಂಪ್ಯೂಟರಿಗೆ ತಿಳಿಯದು. ಒಂದು ರೂಟರ್‌ನ ಸರಣಿಯನ್ನು 192.168.50 ಎಂಬಂತೆ ಬದಲಾಯಿಸುವುದೇ ಇದಕ್ಕೆ ದಾರಿ.

ವೇಗ ಇಮ್ಮಡಿಯಾಗದು

ಎರಡು ಅಂತರ್ಜಾಲ ಸಂಪರ್ಕಗಳಿದ್ದರೆ ವೇಗ ದುಪ್ಪಟ್ಟಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಸಾಮಾನ್ಯವಾಗಿ ಒಂದು ಕಡತ ಇಳಿಯುವುದು ಒಂದೇ ಕೊಂಡಿಯ ಮೂಲಕ. ಎರಡನ್ನೂ ಒಟ್ಟಾಗಿ ಬಳಸುವ ‘ಮಲ್ಟಿಪಾತ್ ಟಿಸಿಪಿ’ ವಿಧಾನ 2013ರಲ್ಲಿ ಪ್ರಾಯೋಗಿಕವಾಗಿ, 2020ರಲ್ಲಿ ಪರಿಷ್ಕೃತ ಮಾನದಂಡವಾಗಿ ಪ್ರಕಟವಾಗಿದೆ. ಆದರೆ ಸಂಪರ್ಕದ ಎರಡೂ ತುದಿಗಳಲ್ಲಿ ಅದಕ್ಕೆ ಬೆಂಬಲವಿರಬೇಕು.

ಹಿಂಬಾಗಿಲಿನ ಅಪಾಯ

ಒಂದು ಜಾಲದಿಂದ ಬಂದ ಮಾಹಿತಿಯನ್ನು ಇನ್ನೊಂದಕ್ಕೆ ದಾಟಿಸುವ ಸೌಲಭ್ಯವನ್ನು ವಿಂಡೋಸ್ ತಾನಾಗಿಯೇ ಚಾಲನೆಗೊಳಿಸುವುದಿಲ್ಲ. ‘ಇಂಟರ್‌ನೆಟ್ ಕನೆಕ್ಷನ್ ಶೇರಿಂಗ್’ ಅಥವಾ ‘ಬ್ರಿಡ್ಜ್’ ಆಯ್ಕೆಗಳನ್ನು ಒತ್ತಿದರೆ ಮಾತ್ರ ಎರಡೂ ಜಾಲಗಳು ಬೆಸೆದುಕೊಳ್ಳುತ್ತವೆ. ಹಾಗೆಂದು ನಿಶ್ಚಿಂತೆಯಿಂದಿರುವಂತಿಲ್ಲ. ಅಂತರ್ಜಾಲದಿಂದ ಕುತಂತ್ರಾಂಶವೊಂದು ಈ ಕಂಪ್ಯೂಟರಿಗೆ ನುಸುಳಿದರೆ, ಅದು ಅಲ್ಲಿಂದಲೇ ಕಚೇರಿಯ ಸರ್ವರ್‌ಗಳನ್ನು ತಲುಪಬಲ್ಲದು. ಕಚೇರಿ ಜಾಲದ ಅಂಚಿನಲ್ಲಿ ಎಷ್ಟೇ ದುಬಾರಿ ಫೈರ್‌ವಾಲ್ ಇದ್ದರೂ, ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಬಂದದ್ದು ಅದರ ಕಣ್ಣಿಗೆ ಬೀಳದು.

ಜಾಲಗಳ ಪ್ರತ್ಯೇಕತೆ ಎಷ್ಟು ಮುಖ್ಯವೆಂಬುದಕ್ಕೆ 2019ರ ಘಟನೆಯೇ ನಿದರ್ಶನ. ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಮೇಲೆ ಸೈಬರ್ ದಾಳಿ ನಡೆದಿದೆಯೆಂಬ ವರದಿಗಳ ಬೆನ್ನಲ್ಲೇ, ಭಾರತೀಯ ಅಣು ವಿದ್ಯುತ್ ನಿಗಮವು ಅಕ್ಟೋಬರ್ 30ರಂದು ತನ್ನ ವ್ಯವಸ್ಥೆಯಲ್ಲಿ ಕುತಂತ್ರಾಂಶ ಪತ್ತೆಯಾದುದನ್ನು ಒಪ್ಪಿಕೊಂಡಿತು. ಸೋಂಕು ತಗುಲಿದ ಕಂಪ್ಯೂಟರ್ ಅಂತರ್ಜಾಲ ಸಂಪರ್ಕವಿದ್ದ ಆಡಳಿತಾತ್ಮಕ ಜಾಲದ್ದೆಂದೂ, ಅದು ನಿರ್ಣಾಯಕ ಆಂತರಿಕ ಜಾಲದಿಂದ ಪ್ರತ್ಯೇಕವಾಗಿದೆಯೆಂದೂ ನಿಗಮ ತಿಳಿಸಿತ್ತು. ಎರಡೂ ಜಾಲಗಳಲ್ಲಿ ಕಾಲಿಟ್ಟ ಒಂದೇ ಒಂದು ಯಂತ್ರವಿದ್ದರೆ ಇಂತಹ ಪ್ರತ್ಯೇಕತೆ ಹೆಸರಿಗೆ ಮಾತ್ರ ಉಳಿಯುತ್ತದೆ.

ಪಾಲಿಸಬೇಕಾದ ಕ್ರಮಗಳು

* ಕಚೇರಿಯ ತಾಂತ್ರಿಕ ವಿಭಾಗದ ಅನುಮತಿಯಿಲ್ಲದೆ ಎರಡನೆಯ ಜಾಲಕ್ಕೆ ಸಂಪರ್ಕ ಕಲ್ಪಿಸಬಾರದು.

* ಶೇರಿಂಗ್ ಹಾಗೂ ಬ್ರಿಡ್ಜ್ ಆಯ್ಕೆಗಳು ಸ್ಥಗಿತಗೊಂಡಿವೆಯೇ ಎಂದು ಪರಿಶೀಲಿಸಬೇಕು.

* ವೈ-ಫೈಯನ್ನು ‘ಪಬ್ಲಿಕ್’ ಎಂದು ಗುರುತಿಸಿ, ಫೈರ್‌ವಾಲ್ ಚಾಲನೆಯಲ್ಲಿರಿಸಬೇಕು.

* ಕೆಲಸ ಮುಗಿದೊಡನೆ ಎರಡನೆಯ ಸಂಪರ್ಕವನ್ನು ಕಡಿತಗೊಳಿಸಬೇಕು.

ರೋಗಿಗಳ ದಾಖಲೆ, ಬ್ಯಾಂಕಿನ ವ್ಯವಹಾರ, ಯಂತ್ರಗಳ ನಿಯಂತ್ರಣದಂತಹ ಸೂಕ್ಷ್ಮ ಜಾಲಗಳಿಗೆ ಈ ಕ್ರಮಗಳೂ ಸಾಲವು. ಅಲ್ಲಿ ಅಂತರ್ಜಾಲಕ್ಕೆಂದು ಪ್ರತ್ಯೇಕ ಕಂಪ್ಯೂಟರ್ ಇರಿಸುವುದೇ ಕ್ಷೇಮಕರ. ಅವೆರಡರ ನಡುವೆ ಓಡಾಡುವ ಪೆನ್ ಡ್ರೈವ್ ಕೂಡ ಒಂದು ಸೇತುವೆಯೇ ಎಂಬುದನ್ನು ಮರೆಯಬಾರದು.