ವೇಗ ಮತ್ತು ವೇಗೋತ್ಕರ್ಷದ ಲೆಕ್ಕಗಳು

ಚಲಿಸುವ ವಸ್ತುವಿನ ವೇಗ, ವೇಗೋತ್ಕರ್ಷ, ತೆಗೆದುಕೊಂಡ ಕಾಲ, ಸಾಗಿದ ದೂರ ಇವುಗಳಲ್ಲಿ ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಕಂಡುಹಿಡಿಯುವ ಭೌತಶಾಸ್ತ್ರದ ಲೆಕ್ಕಗಳು. ಕರ್ನಾಟಕದ ಮಕ್ಕಳಿಗೆ ಇವು ಒಂಬತ್ತನೇ ತರಗತಿಯಲ್ಲಿ ಎದುರಾಗುತ್ತವೆ. ವೇಗವೆಂದರೆ ನಿರ್ದಿಷ್ಟ ದಿಕ್ಕಿನಲ್ಲಿನ ಜವ. ಆ ವೇಗ ಬದಲಾಗುವ ದರವೇ ವೇಗೋತ್ಕರ್ಷ. ಸೂತ್ರಗಳನ್ನು ಬಾಯಿಪಾಠ ಮಾಡಿದವರೂ ಇಲ್ಲಿ ಎಡವುತ್ತಾರೆ. ಚಲನೆ ಎಲ್ಲಿ ಬದಲಾಯಿತು ಎಂದು ಮೊದಲು ಗುರುತಿಸದಿರುವುದೇ ಅದಕ್ಕೆ ಮುಖ್ಯ ಕಾರಣ.

ಒಂದು ಉದಾಹರಣೆ ನೋಡೋಣ. ಅಮೆರಿಕದ ಟೆಕ್ಸಸ್ ರಾಜ್ಯದ ಟೇಲರ್ ಪಟ್ಟಣದಿಂದ ಪಶ್ಚಿಮಕ್ಕೆ ಹೊರಟರೆ ಹಟ್ಟೊ ಬಳಿ 130ನೇ ರಾಜ್ಯ ಹೆದ್ದಾರಿ ಸಿಗುತ್ತದೆ. ಆಸ್ಟಿನ್ ನಗರವನ್ನು ಪೂರ್ವದಿಂದ ಬಳಸಿ ಹೋಗುವ ಈ ಟೋಲ್ ರಸ್ತೆಯ ದಕ್ಷಿಣ ಭಾಗ 2012ರ ಅಕ್ಟೋಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಅಲ್ಲಿನ ವೇಗಮಿತಿ ಗಂಟೆಗೆ 85 ಮೈಲಿ, ಅಮೆರಿಕದಲ್ಲೇ ಅತಿ ಹೆಚ್ಚು. ಆ ವೇಗದಲ್ಲಿ ಬರುತ್ತಿರುವ ಕಾರಿನ ಮುಂದೆ ಅಡ್ಡಿಯೊಂದು ಕಂಡರೆ ಕಾರು ಎಷ್ಟು ದೂರದಲ್ಲಿ ನಿಂತೀತು?

ಮೊದಲು ಮಾನ ಬದಲಿಸಬೇಕು. 85 ಮೈಲಿ ಎಂದರೆ ಸುಮಾರು 137 ಕಿ.ಮೀ.; ಅದನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ 38 ಮೀಟರ್. ಚಾಲಕ ಅಡ್ಡಿಯನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ 1.5 ಸೆಕೆಂಡ್ ಕಳೆಯಿತು ಎಂದಿಟ್ಟುಕೊಳ್ಳೋಣ. ಈ ಹೊತ್ತಿನಲ್ಲಿ ವೇಗ ಬದಲಾಗಿಲ್ಲ, ವೇಗೋತ್ಕರ್ಷ ಸೊನ್ನೆ. ಕಾರು 57 ಮೀಟರ್ ಹಾಗೆಯೇ ಸಾಗಿರುತ್ತದೆ. ಲೆಕ್ಕದ ಎರಡನೇ ಭಾಗ ಇಲ್ಲಿಂದ ಶುರು. ಬ್ರೇಕ್ ಹಿಡಿದಾಗಿನ ವೇಗೋತ್ಕರ್ಷ −6 ಮೀ./ಸೆ.² ಎನ್ನೋಣ. ಕಾಲ ಗೊತ್ತಿಲ್ಲವಾದ್ದರಿಂದ ಕಾಲವಿಲ್ಲದ ಸೂತ್ರವನ್ನೇ ಆರಿಸಬೇಕು:

ಅಂತಿಮ ವೇಗದ ವರ್ಗ = ಆರಂಭಿಕ ವೇಗದ ವರ್ಗ + 2 × ವೇಗೋತ್ಕರ್ಷ × ದೂರ

ಅಂದರೆ 0 = 1444 − 12 × ದೂರ; ದೂರ ಸುಮಾರು 120 ಮೀಟರ್. ಒಟ್ಟು 177 ಮೀಟರ್. ಋಣ ಚಿಹ್ನೆಯನ್ನು ಮರೆತವರಿಗೆ ದೂರ −120 ಎಂದು ಬರುತ್ತದೆ. ಅದನ್ನು ಸುಮ್ಮನೆ ಅಳಿಸಿ 120 ಎಂದು ಬರೆದುಬಿಡುವುದು ಕೆಟ್ಟ ಅಭ್ಯಾಸ. ತಾಳೆ ನೋಡುವುದು ಸುಲಭ: ಸೆಕೆಂಡಿಗೆ 6ರಂತೆ ಇಳಿದು 38 ಸೊನ್ನೆಯಾಗಲು 6.3 ಸೆಕೆಂಡ್ ಬೇಕು, ಸರಾಸರಿ ವೇಗ 19. ಗುಣಿಸಿದರೆ ಮತ್ತೆ 120.

ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿಯಾದ ಗಂಟೆಗೆ 100 ಕಿ.ಮೀ. ವೇಗದಲ್ಲಿ ಇದೇ ಬ್ರೇಕ್ ಹಿಡಿದರೆ 64 ಮೀಟರ್ ಸಾಕು. ವೇಗ ಕಾಲುಭಾಗಕ್ಕಿಂತ ತುಸು ಹೆಚ್ಚು ತಗ್ಗಿದೆ, ದೂರವೋ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ. ದೂರ ವೇಗದ ವರ್ಗವನ್ನು ಅನುಸರಿಸುತ್ತದೆ ಎಂಬ ಮಾತಿನ ತೂಕ ಅರಿವಾಗುವುದು ಇಂಥಲ್ಲಿ.

ಬೀಳುವ ವಸ್ತುಗಳಿಗೂ ಇವೇ ಸೂತ್ರಗಳು. 1971ರ ಆಗಸ್ಟ್ 2ರಂದು ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರ ನೋಡುತ್ತಿದ್ದಂತೆ ಅಪೋಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಡೇಗೆಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಸೂತ್ರದಲ್ಲಿ ದ್ರವ್ಯರಾಶಿಗೆ ಜಾಗವೇ ಇಲ್ಲ. ಅಲ್ಲಿನ ಗುರುತ್ವ ವೇಗೋತ್ಕರ್ಷ 1.62 ಮೀ./ಸೆ.², 1.6 ಮೀಟರ್ ಎತ್ತರದಿಂದ ಬೀಳಲು 1.4 ಸೆಕೆಂಡ್. ಗಾಳಿಯ ತಡೆ ಇಲ್ಲದಿದ್ದರೆ ಭೂಮಿಯಲ್ಲಿ 0.57 ಸೆಕೆಂಡ್. ಗಾಳಿಯಲ್ಲಿ ತೇಲಿ ಬೀಳುವ ಗರಿಗೆ ಮಾತ್ರ ಈ ಸೂತ್ರಗಳನ್ನು ಹಚ್ಚಲಾಗದು. ಅದರ ವೇಗೋತ್ಕರ್ಷ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅಲ್ಲಿ ಕಲನಶಾಸ್ತ್ರ ಬೇಕು.