ಗತಿಸಿದವರ ಇಚ್ಛೆ ಮತ್ತು ಶಾಸನದ ಎಲ್ಲೆ: ಠಾಕೂರರ ಉಯಿಲಿನ ವ್ಯಾಜ್ಯ (1872)

ತನ್ನ ಸ್ವತ್ತು ತನ್ನ ಕಾಲಾನಂತರ ಯಾರಿಗೆ ಸಲ್ಲಬೇಕೆಂದು ವಿಧಿಸುವ ಅಧಿಕಾರ ಮನುಷ್ಯನಿಗೆ ಎಷ್ಟರಮಟ್ಟಿಗೆ ಇದೆ? ಈ ಪ್ರಶ್ನೆಯು ನ್ಯಾಯವಾದಿಗಳಿಗೆ ಮಾತ್ರ ಸೇರಿದುದಲ್ಲ. ಕುಟುಂಬದ ಇತಿಹಾಸವನ್ನು ಅಭ್ಯಸಿಸುವವರೂ ಇದನ್ನು ಎದುರಿಸಲೇಬೇಕು. ಇದರ ವಿಚಾರಕ್ಕೆ ತಕ್ಕ ನಿದರ್ಶನವಾಗಿ ಕಲ್ಕತ್ತೆಯ ಒಂದು ಉಯಿಲನ್ನು ನಾವಿಲ್ಲಿ ಆರಿಸಿಕೊಂಡಿದ್ದೇವೆ.

ಪ್ರಾಚೀನ ಧರ್ಮಶಾಸ್ತ್ರಗಳಲ್ಲಿ ಉಯಿಲಿಗೆ ಪ್ರತ್ಯೇಕ ಸ್ಥಾನವಿರಲಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಜನ್ಮದಿಂದಲೇ ಹಕ್ಕುಂಟು. ಅದನ್ನು ತಂದೆಯೊಬ್ಬನೇ ಬರೆದುಕೊಡುವಂತಿಲ್ಲ. ಜೀಮೂತವಾಹನನ ದಾಯಭಾಗವನ್ನು ಅನುಸರಿಸಿದ ವಂಗದೇಶದಲ್ಲಾದರೋ ಮಗನ ಹಕ್ಕು ತಂದೆಯ ಮರಣಾನಂತರವೇ ಹುಟ್ಟುವುದು. ಆದುದರಿಂದ ಕಂಪೆನಿಯ ಆಳ್ವಿಕೆಯಲ್ಲಿ ಇಂಗ್ಲಿಷ್ ನ್ಯಾಯಪದ್ಧತಿಯ ಸಂಪರ್ಕ ಒದಗಿದಾಗ ಉಯಿಲಿನ ರೂಢಿಯು ಅಲ್ಲಿ ಸುಲಭವಾಗಿ ಬೇರೂರಿತು.

ಈ ರೂಢಿಯ ಪ್ರಸಿದ್ಧ ಉದಾಹರಣೆ ಪ್ರಸನ್ನಕುಮಾರ ಠಾಕೂರರದು. ಪಾಥುರಿಯಾಘಾಟದ ಠಾಕೂರ್ ಮನೆತನದ ಇವರು ಸದರ್ ದಿವಾನಿ ಅದಾಲತ್ತಿನಲ್ಲಿ ಸರ್ಕಾರಿ ವಕೀಲರಾಗಿದ್ದವರು; ವಾಚಸ್ಪತಿ ಮಿಶ್ರನ ವಿವಾದ ಚಿಂತಾಮಣಿಯನ್ನು ಇಂಗ್ಲಿಷಿಗೆ ಅನುವಾದಿಸಿದ ಶಾಸ್ತ್ರಜ್ಞರು. ಇವರ ಪುತ್ರ ಜ್ಞಾನೇಂದ್ರಮೋಹನರು 1851ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಅದಕ್ಕೆ ಹಿಂದಿನ ವರ್ಷವಷ್ಟೇ, ಎಂದರೆ 1850ರಲ್ಲಿ, ಮತಾಂತರದಿಂದ ದಾಯದ ಹಕ್ಕು ನಷ್ಟವಾಗದೆಂಬ ಶಾಸನವು ಜಾರಿಗೆ ಬಂದಿತ್ತು. ಹೀಗಾಗಿ ಮಗನಿಗೆ ಸ್ವತ್ತು ಸೇರದಂತೆ ಮಾಡಲು ತಂದೆಯು ಉಯಿಲಿನ ದಾರಿಯನ್ನು ಹಿಡಿದರು.

1862ರಲ್ಲಿ ಬರೆದ ಆ ಉಯಿಲಿನಲ್ಲಿ ಅವರು ತಮ್ಮ ಆಸ್ತಿಯನ್ನು ಟ್ರಸ್ಟಿಗಳ ವಶಕ್ಕೆ ಒಪ್ಪಿಸಿದರು. ಅದರ ಉತ್ಪನ್ನವನ್ನು ಸಹೋದರನ ಪುತ್ರರಾದ ಜತೀಂದ್ರಮೋಹನರು ಜೀವಾವಧಿ ಅನುಭವಿಸಬೇಕು. ಆಮೇಲೆ ಅವರ ಪುತ್ರರಿಗೂ, ತಲೆಮಾರಿನಿಂದ ತಲೆಮಾರಿಗೆ ಗಂಡುಸಂತತಿಗೂ ಅದು ಸಲ್ಲುತ್ತ ಹೋಗಬೇಕು. ಆ ಶಾಖೆ ನಿಂತರೆ ಕುಟುಂಬದ ಇತರ ಶಾಖೆಗಳಿಗೆ ಹೋಗಬೇಕು ಎಂಬುದು ಅದರ ಏರ್ಪಾಡು. ಇದು ಇಂಗ್ಲೆಂಡಿನ ಭೂಸ್ವಾಮಿಗಳ ಮನೆತನಗಳಲ್ಲಿದ್ದ ಕ್ರಮ. ಮಗನಿಗೆ ಉಯಿಲಿನಲ್ಲಿ ಏನೂ ಇರಲಿಲ್ಲ. ಪ್ರಸನ್ನಕುಮಾರರು 1868ರಲ್ಲಿ ಕಾಲವಾದರು. ಜ್ಞಾನೇಂದ್ರಮೋಹನರು ನ್ಯಾಯಾಲಯದ ಮೊರೆಹೊಕ್ಕರು.

ವ್ಯಾಜ್ಯವು ಪ್ರಿವಿ ಕೌನ್ಸಿಲ್ಲಿನವರೆಗೂ ಹೋಗಿ 1872ರಲ್ಲಿ ಇತ್ಯರ್ಥವಾಯಿತು. ಉಯಿಲು ಬರೆಯುವ ಅಧಿಕಾರವನ್ನು ಆ ನ್ಯಾಯಮಂಡಲಿಯು ಅಲ್ಲಗಳೆಯಲಿಲ್ಲ. ಅದರ ಎಲ್ಲೆಯನ್ನು ಮಾತ್ರ ಗುರುತಿಸಿತು. ಉಯಿಲಿನಿಂದ ಸ್ವತ್ತನ್ನು ಪಡೆಯತಕ್ಕವನು ಅದನ್ನು ಬರೆದವನು ಮೃತನಾಗುವ ವೇಳೆಗೆ ಅಸ್ತಿತ್ವದಲ್ಲಿರಬೇಕು. ಶಾಸ್ತ್ರಕ್ಕೆ ಅಪರಿಚಿತವಾದ ದಾಯಕ್ರಮವೊಂದನ್ನು ಖಾಸಗಿ ವ್ಯಕ್ತಿಯು ಸೃಷ್ಟಿಸುವಂತಿಲ್ಲ; ನೇರವಾಗಿ ಮಾಡಲಾಗದುದನ್ನು ಟ್ರಸ್ಟಿನ ಮೂಲಕ ಸಾಧಿಸುವಂತೆಯೂ ಇಲ್ಲ. ವಾರಸುದಾರನಿಗೆ ಏನೂ ಸಲ್ಲದೆಂದು ಬರೆದಮಾತ್ರಕ್ಕೆ ಅವನ ಹಕ್ಕು ಹೋಗದು. ಸ್ವತ್ತು ಮತ್ತೊಬ್ಬನಿಗೆ ಕ್ರಮವಾಗಿ ಸೇರಿರಬೇಕು. ಪರಿಣಾಮವಾಗಿ ಜತೀಂದ್ರಮೋಹನರ ಜೀವಾವಧಿಯ ಹಕ್ಕು ಉಳಿಯಿತು. ಅದರ ಮುಂದಿನ ಸ್ವತ್ತು ಯಾವ ಮಗನನ್ನು ಹೊರಗಿಡಲು ಈ ಏರ್ಪಾಡೆಲ್ಲವೂ ನಡೆದಿತ್ತೋ ಅವರ ಪಾಲಿನದೆಂದು ತೀರ್ಪಾಯಿತು.

ಹಾಗೆಂದು ಉಯಿಲು ಸಂಪೂರ್ಣವಾಗಿ ವಿಫಲವಾಯಿತೆನ್ನಲಾಗದು. ಅದೇ ಉಯಿಲಿನಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಕಾನೂನು ಉಪನ್ಯಾಸಗಳಿಗಾಗಿ ಅವರು ಬಿಟ್ಟ ದತ್ತಿಯಿಂದ 1870ರಲ್ಲಿ ಟಾಗೋರ್ ಉಪನ್ಯಾಸಮಾಲೆ ಪ್ರಾರಂಭವಾಗಿ, ಭಾರತೀಯ ನ್ಯಾಯಶಾಸ್ತ್ರಕ್ಕೆ ಅಮೂಲ್ಯ ಗ್ರಂಥಗಳು ದೊರೆತವು. ಲೋಕೋಪಯೋಗಕ್ಕೆ ಕೊಟ್ಟುದು ನಿಂತಿತು. ವಂಶವನ್ನು ಕಟ್ಟಿಹಾಕಲು ಹೂಡಿದುದು ಬಿದ್ದುಹೋಯಿತು. ಕರ್ನಾಟಕದ ಶಿಲಾಶಾಸನಗಳನ್ನು ಓದಿದವರಿಗೆ ಈ ಭೇದ ಹೊಸದೆನಿಸದು. ದೇವಾಲಯಕ್ಕೋ ಕೆರೆಗೋ ಮಠಕ್ಕೋ ಬಿಟ್ಟ ದತ್ತಿಯು ಆಚಂದ್ರಾರ್ಕ ನಡೆಯಲೆಂಬ ಆಶಯವನ್ನು ನಮ್ಮ ಪೂರ್ವಿಕರು ಕಲ್ಲಿನಲ್ಲಿ ಕೊರೆಯಿಸಿದರು. ಆದರೆ ದತ್ತಿಯು ದಾನಿಯು ಜೀವಿಸಿರುವಾಗಲೇ ಮಾಡಿದ ದಾನ, ಉಯಿಲಲ್ಲ.

ತೀರ್ಪಿನ ಅನಂತರ 1882ರ ಟ್ರಸ್ಟು ಕಾಯಿದೆಯು ಖಾಸಗಿ ಟ್ರಸ್ಟುಗಳ ನಿಯಮಗಳನ್ನು ಕ್ರೋಡೀಕರಿಸಿತು. ಇನ್ನೂ ಹುಟ್ಟದವರಿಗೆ ಆಸ್ತಿಯನ್ನು ಕೊಡಬಾರದೆಂಬ ನಿಷೇಧವನ್ನು 1916ರ ಕಾಯಿದೆಯು ಮಿತಿಗೊಳಪಟ್ಟು ಸಡಿಲಿಸಿತು. ಮಿತಾಕ್ಷರ ಕುಟುಂಬದ ಸದಸ್ಯನು ಅವಿಭಕ್ತ ಸ್ವತ್ತಿನಲ್ಲಿ ತನಗಿರುವ ಭಾಗವನ್ನು ಉಯಿಲಿನಿಂದ ಕೊಡಬಹುದೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವಿಧಿಸಿತು.

ಇಲ್ಲಿ ಒಂದು ವಿಷಯವನ್ನು ನಾವು ಮರೆಯಲಾಗದು. ಅದೇ 1956ರ ಕಾಯಿದೆಯು ತಂದೆಯ ಸ್ವತ್ತಿನಲ್ಲಿ ಮಗಳನ್ನು ಮಗನೊಡನೆ ಸಮಾನ ವಾರಸುದಾರಳನ್ನಾಗಿ ಮಾಡಿತು. ಮತ್ತು ಆಕೆಯ ಪಾಲನ್ನು ತಪ್ಪಿಸಬಲ್ಲ ಉಯಿಲಿನ ಅಧಿಕಾರವನ್ನೂ ತಂದೆಯ ಕೈಗಿತ್ತಿತು. ಕರ್ನಾಟಕವು 1994ರ ತಿದ್ದುಪಡಿಯಿಂದ, ಕೇಂದ್ರವು 2005ರ ತಿದ್ದುಪಡಿಯಿಂದ, ಮಗಳಿಗೂ ಜನ್ಮಸಿದ್ಧ ಹಕ್ಕನ್ನು ನೀಡಿದವು. ಮಗನನ್ನು ಕಾಪಾಡಿದ ವಿಜ್ಞಾನೇಶ್ವರನ ತತ್ತ್ವವೇ ಹೀಗೆ ಮಗಳ ರಕ್ಷಣೆಗೂ ಬಂದಿತು. ಆದರೂ ತಂದೆಯ ಸ್ವಂತ ಭಾಗವೂ ಸ್ವಯಾರ್ಜಿತವೂ ಉಯಿಲಿಗೆ ಒಳಪಟ್ಟೇ ಇವೆ. ಠಾಕೂರರ ವ್ಯಾಜ್ಯವು ಸ್ವತ್ತಿನ ಒಡೆಯನ ಇಚ್ಛೆಗೆ ಒಂದು ಎಲ್ಲೆಯನ್ನು ಹಾಕಿತಾದರೂ, ಬದುಕಿರುವ ವಾರಸುದಾರರನ್ನು ಬಿಟ್ಟು ಬದುಕಿರುವ ಬೇರೊಬ್ಬರಿಗೆ ಕೊಡುವುದನ್ನು ಅದು ತಡೆಯಲಿಲ್ಲ. ಆ ಮೂಲಪ್ರಶ್ನೆಯು ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿದೆ. ಆದಕಾರಣ ಉಯಿಲುಗಳನ್ನು ಕೇವಲ ಆಸ್ತಿಯ ಪಟ್ಟಿಗಳೆಂದು ಭಾವಿಸದೆ, ಕುಟುಂಬದಲ್ಲಿ ಯಾರು ಸೇರಿದವರು, ಯಾರು ಹೊರಗಿನವರು ಎಂಬುದನ್ನು ತಿಳಿಸುವ ಐತಿಹಾಸಿಕ ಆಕರಗಳೆಂದು ವಿದ್ಯಾರ್ಥಿಗಳು ಪರಿಶೀಲಿಸುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.